ನಾಲ್ಕು ಲಂಗರು, ಒಂದು ಪುಟ್ಟ ಹಾಯಿದೋಣಿ

ನನ್ನದು 22 ಅಡಿಯ ಹಾಯಿದೋಣಿ. ಅದರ ಮೂತಿಯಲ್ಲಿ ಈಗ ಆರು ಕೆಜಿಯ ರೋಲ್ ಬಾರ್ ಲಂಗರು ಕೂತಿದೆ, ಅದನ್ನು ಬದಲಿಸುವ ಯೋಚನೆ ನನಗಿಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ನಾನು ಪಕ್ಷಪಾತಿ ಎಂದು ತಿಳಿದೇ ಓದಿ. ಆದರೆ ದೋಣಿಗೆ ಕೂರಿಸುವಷ್ಟರಲ್ಲಿ ನನ್ನ ಜೀವ ಹಿಂಡಿದ್ದೂ ಅದೇ.

ದೋಣಿ ಕೊಂಡಾಗ ಜೊತೆಗೆ ಬಂದದ್ದು ಡ್ಯಾನ್‌ಫೋರ್ತ್ ಮಾದರಿಯದು. ಅಗಲವಾದ ಎರಡು ಅಲಗು, ಅವುಗಳ ನಡುವೆ ಹಿಂದಕ್ಕೂ ಮುಂದಕ್ಕೂ ಮಡಚುವ ದಂಡ. ರಿಚರ್ಡ್ ಡ್ಯಾನ್‌ಫೋರ್ತ್ ಇದನ್ನು ರೂಪಿಸಿದ್ದು 1930ರ ದಶಕದ ಕೊನೆಗೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸುವ ದೋಣಿಗಳು ಇದನ್ನು ಹಿಂಬದಿಯಿಂದ ನೀರಿಗೆ ಬಿಟ್ಟು ದಡ ಸೇರುತ್ತಿದ್ದವು, ಮರಳುವಾಗ ಅದೇ ಹಗ್ಗ ಜಗ್ಗಿಕೊಂಡು ಮರಳಿನಿಂದ ಹಿಂದೆ ಸರಿಯುತ್ತಿದ್ದವು. ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮರಳಲ್ಲೋ ಕೆಸರಲ್ಲೋ ಒಂದೇ ದಿಕ್ಕಿಗೆ ಎಳೆಯುತ್ತಿದ್ದರೆ ತನ್ನ ತೂಕಕ್ಕೆ ಮೀರಿ ಹಿಡಿಯುತ್ತದೆ. ಎತ್ತಿಟ್ಟರೆ ತಟ್ಟೆಯಂತೆ ಚಪ್ಪಟೆ, ಮುಂದಿನ ಲಾಕರಿನಲ್ಲಿ ಸಲೀಸಾಗಿ ಮಲಗುತ್ತದೆ.

ತಕರಾರು ಇರುವುದು ಆ 'ಒಂದೇ ದಿಕ್ಕು' ಎಂಬಲ್ಲಿ. ಒಂದು ರಾತ್ರಿ ಸಂಜೆಯ ಗಾಳಿಗೆ ಚೆನ್ನಾಗಿಯೇ ಕಚ್ಚಿಸಿ ಮಲಗಿದ್ದೆ. ನಡುರಾತ್ರಿ ಗಾಳಿ ಪೂರ್ತಿ ತಿರುಗಿತು. ಎಚ್ಚರವಾಗಿ ತಲೆ ಹೊರಹಾಕಿದರೆ ಎಡಕ್ಕಿರಬೇಕಾದ ದಡದ ದೀಪ ಹಿಂದಕ್ಕೆ ಬಂದು, ಸಾಕಷ್ಟು ದೊಡ್ಡದೂ ಆಗಿತ್ತು. ಕತ್ತಲಲ್ಲಿ ಒದ್ದಾಡಿ ಮೇಲೆಳೆದಾಗ ಗೊತ್ತಾಯಿತು: ದಂಡಕ್ಕೂ ಅಲಗಿಗೂ ನಡುವೆ ಅಂಗೈಯಗಲದ ಚಿಪ್ಪೊಂದು, ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ, ಬಿಗಿಯಾಗಿ ಕೂತಿತ್ತು. ಲಂಗರು ಕಿತ್ತು ಬಂದ ಮೇಲೆ ಅಲಗು ಇನ್ನೊಂದು ಕಡೆಗೆ ಬಾಗಿದರೆ ತಾನೆ ಮತ್ತೆ ನೆಲ ಕಚ್ಚುವುದು! ಅದು ಬಾಗದೆ ಸುಮ್ಮನೆ ತಳದ ಮೇಲೆ ಜಾರಿಕೊಂಡು ಬಂದಿತ್ತು. ಬೆಳಗಿನ ತನಕ ನಾನು ಕೂತೇ ಇದ್ದೆ.

ಆಮೇಲೆ ಒಂದು ತಿಂಗಳು ಗೆಳೆಯರೊಬ್ಬರ ಐದು ಕೆಜಿಯ ಪಂಜದ ಲಂಗರನ್ನು ಕಡ ತಂದು ನೋಡಿದೆ. 1970ರ ದಶಕದಲ್ಲಿ ಪೀಟರ್ ಬ್ರೂಸ್ ತಂದ ಮೂರು ಬೆರಳಿನ ಮಾದರಿಯ ನಕಲು ಅದು. ಬಿಟ್ಟ ಕೂಡಲೇ ಕಚ್ಚುತ್ತದೆ, ಗಾಳಿ ತಿರುಗಿದರೆ ತಾನೂ ತಿರುಗಿ ಮತ್ತೆ ಕಚ್ಚುತ್ತದೆ, ಆಡುವ ಕೀಲು ಒಂದೂ ಇಲ್ಲ. ಊಟಕ್ಕೆ ಎರಡು ಗಂಟೆ ನಿಲ್ಲಲು ಇದಕ್ಕಿಂತ ಒಳ್ಳೆಯದು ಬೇಡ. ಆದರೆ ಮೋಟಾರನ್ನು ಹಿಮ್ಮುಖವಾಗಿ ಜೋರು ಮಾಡಿದಾಗಲೆಲ್ಲ ನಿಧಾನಕ್ಕೆ ಉಳುತ್ತಾ ಹಿಂದೆ ಬರುತ್ತಿತ್ತು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಎಳೆತ ನಾಲ್ಕು ಪಟ್ಟಾಗುತ್ತದೆ. 15 ನಾಟ್‌ನಲ್ಲಿ (ಗಂಟೆಗೆ ಸುಮಾರು 28 ಕಿಲೋಮೀಟರ್ ಗಾಳಿಯಲ್ಲಿ) ಸಭ್ಯವಾಗಿದ್ದದ್ದು 30 ನಾಟ್‌ನಲ್ಲೂ ಹಾಗೇ ಇರುತ್ತದೆಂಬ ನಂಬಿಕೆ ನನಗೆ ಬರಲಿಲ್ಲ.

ನೇಗಿಲಿನ ಗುಳದಂಥದ್ದನ್ನೂ ನೋಡಿದೆ. ಕೀಲಿರುವ ಮೂಲ ಮಾದರಿಯನ್ನು 1933ರಲ್ಲಿ ಕಂಡುಹಿಡಿದವರು ಭೌತವಿಜ್ಞಾನಿ ಜಿ. ಐ. ಟೇಲರ್. ಸಿ-ಕ್ಯು-ಆರ್ ಎಂಬ ಅದರ ಹೆಸರನ್ನು ಬೇಗ ಬೇಗ ಹೇಳಿದರೆ 'ಸೆಕ್ಯೂರ್' ಎಂದು ಕೇಳುತ್ತದೆ, ತಮಾಷೆ ಅಷ್ಟೇ. ನಾನು ಬಳಸಿದ್ದು ಕೀಲಿಲ್ಲದ ಹೊಸ ಬಗೆಯದು. ದೂರು ಹೇಳುವಂಥದ್ದೇನೂ ಇಲ್ಲ. ಗಟ್ಟಿ ಮರಳಿನಲ್ಲಿ ಎರಡು ಸಲ ಬಿಡಬೇಕಾಯಿತು, ಅಷ್ಟೇ. ಹಣ ಕಡಿಮೆ ಇದ್ದವರು ಹಳೆಯದೊಂದು ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಬಹುದು.

ಇನ್ನು ನನ್ನ ಮೆಚ್ಚಿನದು. ಸೌಟಿನಂತೆ ಒಳಬಾಗಿದ, ಮೊನಚು ತುದಿಯ ಒಂದೇ ಅಲಗು, ಅದರ ಹಿಂಬದಿಯಲ್ಲಿ ಬುಟ್ಟಿಯ ಹಿಡಿಯಂತೆ ಬಾಗಿದ ಕೊಳವೆ, ಅದೇ ರೋಲ್ ಬಾರ್. ಲಂಗರು ಬೋರಲಾಗಿ ಬಿದ್ದರೂ ಆ ಕೊಳವೆ ಅದನ್ನು ಉರುಳಿಸಿ ತುದಿಯನ್ನು ನೆಲಕ್ಕೆ ಮುಟ್ಟಿಸುತ್ತದೆ, ಎಳೆದಂತೆಲ್ಲ ಇನ್ನೂ ಆಳಕ್ಕೆ ಇಳಿಯುತ್ತದೆ. ನನ್ನ ಅನುಭವದಲ್ಲಿ ದೋಣಿಯುದ್ದದಷ್ಟು ದೂರದೊಳಗೆ ಹಗ್ಗ ಬಿಗಿದು ನಿಂತಿದೆ. ನಿಂತಿತೆಂದರೆ ಉಡದ ಹಿಡಿತ. ಗಾಳಿ ತಿರುಗಿದ ರಾತ್ರಿಗಳು ಆಮೇಲೂ ಬಂದಿವೆ, ಬೆಳಗ್ಗೆ ಎದ್ದಾಗ ದೋಣಿಯ ಮೂತಿ ಬೇರೆ ದಿಕ್ಕಿಗಿರುತ್ತದೆ, ಜಾಗ ಮಾತ್ರ ಅದೇ.

ಈಗ ಗೋಳಿಗೆ ಬರೋಣ. ಆ ಹಿಡಿಯಿಂದಾಗಿ ಇದು ಲಾಕರಿನೊಳಗೆ ಹೋಗುವುದಿಲ್ಲ. ಮುಚ್ಚಳ ಗೇಣುದ್ದ ಬಾಯಿ ತೆರೆದು ನಿಂತಿತು. ಸರಿ, ಮೂತಿಯಲ್ಲಿ ರೋಲರ್, ಅಂದರೆ ಹಗ್ಗವೂ ಲಂಗರೂ ಉರುಳಿ ಬರುವ ಗಾಲಿ, ಹಾಕಿ ಅಲ್ಲೇ ನೇತುಹಾಕೋಣವೆಂದು ಒಂದು ಬೋ ರೋಲರ್ ತಂದೆ. ಅಳತೆಪಟ್ಟಿಯಲ್ಲಿ ದಂಡದ ದಪ್ಪಕ್ಕೆ ಹೊಂದುತ್ತದೆ ಎಂದಿತ್ತು. ದಂಡವೇನೋ ಕೂತಿತು. ಆದರೆ ಮೂತಿಯ ನಟ್ಟನಡುವೆ ಮುಂದಿನ ಹಾಯಿಯ ತಂತಿ ಇರುವುದರಿಂದ ರೋಲರನ್ನು ಪಕ್ಕಕ್ಕೆ ಸರಿಸಿ ಕೂರಿಸಬೇಕು. ಪಕ್ಕಕ್ಕೆ ಸರಿದದ್ದೇ ತಡ, ಮೇಲೆ ಬರುವ ಹಿಡಿ ಒಂದು ಕಡೆ ಪಲ್ಪಿಟ್ಟಿನ (ಮೂತಿಯ ಕಟಕಟೆಯ) ಕಾಲಿಗೆ, ಇನ್ನೊಂದು ಕಡೆ ಹಾಯಿ ಸುತ್ತುವ ಡ್ರಮ್ಮಿಗೆ ಡಿಕ್ಕಿ. ಕೊನೆಯ ಅರ್ಧ ಅಡಿ ಮೇಲೆ ಬರಲೊಲ್ಲದು. ಬಲವಂತವಾಗಿ ಎಳೆದಾಗ ಕೆಳಗಿದ್ದ ಮೊನಚು ತುದಿ ತೂಗಿ ಬಂದು ದೋಣಿಯ ಮೂತಿಗೆ ಬಡಿದು ಹೊರಮೈಯ ನುಣುಪು ಲೇಪ ಜೆಲ್‌ಕೋಟಿನ ಚೂರೊಂದನ್ನು ಹಾರಿಸಿತು. ಅಂದು ನಾನಾಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಮೇಲೆ ಮಾಡಿದೆ. ರಟ್ಟಿನಲ್ಲಿ ಲಂಗರಿನ ಪೂರ್ಣ ಅಳತೆಯ ಅಚ್ಚು ಕತ್ತರಿಸಿ, ಹಿಡಿಯ ಜಾಗಕ್ಕೆ ದಪ್ಪ ತಂತಿ ಬಗ್ಗಿಸಿ ಅಂಟಿಸಿ, ಮೂತಿಯ ಮೇಲೆ ಹಿಂದೆ ಮುಂದೆ ಆಡಿಸಿದೆ. ರೋಲರ್ 15 ಸೆಂಟಿಮೀಟರ್ ಹೆಚ್ಚು ಮುಂದಕ್ಕೆ ಚಾಚಿದರೆ ಹಿಡಿಯೂ ತುದಿಯೂ ಏನಕ್ಕೂ ತಾಗುವುದಿಲ್ಲ ಎಂದು ಹತ್ತೇ ನಿಮಿಷದಲ್ಲಿ ತಿಳಿಯಿತು. ಉದ್ದನೆಯದನ್ನು ಮಾಡಿಸಿದೆ. ಚಾಚು ಹೆಚ್ಚಾದಷ್ಟೂ ಅದು ಡೆಕ್ಕನ್ನು ಮೀಟುವ ಬಲವೂ ಹೆಚ್ಚು. ಹಾಗಾಗಿ ಡೆಕ್ಕಿನ ಅಡಿಗೆ ದಪ್ಪ ಲೋಹದ ಪಟ್ಟಿ ಕೊಟ್ಟು ನಾಲ್ಕು ಬೋಲ್ಟು ಆಚೆಯಿಂದೀಚೆ ಹಾಯಿಸಿದೆ. ಡೆಕ್ಕಿನ ಪದರಗಳ ನಡುವೆ ಹಗುರ ಬಾಲ್ಸಾ ಮರವಿದ್ದರೆ ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು. ಇಲ್ಲದಿದ್ದರೆ ನೀರಿಳಿದು ಮರ ಕೊಳೆಯುತ್ತದೆ. ರೋಲರಿನ ಪಕ್ಕದ ತಗಡಿನ ಅಂಚು ಚೂಪಾಗಿತ್ತು, ಅರ ಹಾಕಿ ಉಜ್ಜಿದೆ. ಹಗ್ಗ ಅಲ್ಲಿ ರಾತ್ರಿಯಿಡೀ ತಿಕ್ಕಾಡುತ್ತದಲ್ಲ.

ದಂಡಕ್ಕೊಂದು ಅಡ್ಡಪಿನ್ನು ಬೇಕೇ ಬೇಕು, ಇಲ್ಲವಾದರೆ ಅಲೆಗೆ ಮೂತಿ ಕುಪ್ಪಳಿಸಿದಾಗ ಲಂಗರು ಕೇಳದೆಯೇ ನೀರಿಗೆ ಹಾರುತ್ತದೆ. ನಿಂತ ಮೇಲೆ ಹಗ್ಗದ ಭಾರ ಬೀಳಬೇಕಾದದ್ದು ರೋಲರಿನ ಮೇಲಲ್ಲ, ಡೆಕ್ಕಿನಲ್ಲಿ ಹಗ್ಗ ಸುತ್ತಿ ಕಟ್ಟುವ ಕ್ಲೀಟಿನ ಮೇಲೆ. ಸರಪಳಿ ತಿರುಚಿಕೊಳ್ಳದಂತೆ ಹಾಕುವ ತಿರುಗುವ ಕೊಂಡಿ, ಸ್ವಿವೆಲ್, ನಾನು ಹಾಕಿಲ್ಲ. ಲಂಗರನ್ನು ಸರಪಳಿಗೆ ಸೇರಿಸುವ ಕೊಂಡಿಯಾದ ಶ್ಯಾಕಲ್ಲಿನ ಪಿನ್ನನ್ನು ತಂತಿಯಿಂದ ಕಟ್ಟಿದ್ದೇನೆ.

ಯಾವ ಲಂಗರಾದರೂ ಹಗ್ಗದಲ್ಲಿ ಜಿಪುಣತನ ಮಾಡಿದರೆ ಕೆಲಸ ಕೆಟ್ಟಿತು. ನನ್ನದು ಎಂಟು ಮೀಟರ್ ಸರಪಳಿ, ಮಿಕ್ಕದ್ದು ನೈಲಾನ್, ಹಾಗಾಗಿ ಆಳದ ಏಳು ಪಟ್ಟು ಬಿಡುತ್ತೇನೆ. ಆಳ ಮೂರು ಮೀಟರ್, ಏರಲಿರುವ ಭರತ ಒಂದು, ನೀರಿನಿಂದ ಮೂತಿಯ ಎತ್ತರ ಇನ್ನೊಂದು, ಒಟ್ಟು ಐದು. ಅಂದರೆ 35 ಮೀಟರ್. ಮೂತಿಯ ಎತ್ತರ ಸೇರಿಸುವುದನ್ನು ಮರೆತು 21 ಬಿಟ್ಟು ಮಲಗಿದವರಲ್ಲಿ ನಾನೂ ಒಬ್ಬ. ಭರತವನ್ನೂ ಮರೆತಿದ್ದೆನೆಂದು ಲೆಕ್ಕ ಹಾಕಿದವರಿಗೆ ಗೊತ್ತಾಗಿರುತ್ತದೆ.

ನಾನು ಹೆಚ್ಚಾಗಿ ಒಬ್ಬನೇ ಹೋಗುವವನು, ಲಂಗರನ್ನು ಕೈಯಲ್ಲೇ ಎತ್ತುವವನು, ರಾತ್ರಿ ದೋಣಿಯಲ್ಲೇ ಮಲಗುವವನು. ಆರು ಕೆಜಿ ಲಂಗರಿಗೆ ಆರೂವರೆ ಕೆಜಿ ಸರಪಳಿ ಸೇರಿದರೆ ನನ್ನ ಬೆನ್ನು ತಾಳುವ ಮಿತಿ ಅಲ್ಲಿಗೆ ಮುಗಿಯಿತು. ಎತ್ತುವ ಯಂತ್ರ ಕೊಳ್ಳದೆ ಉಳಿದ ಹಣವೇ ಈ ದುಬಾರಿ ಲಂಗರಿಗೂ ಎರಡೆರಡು ರೋಲರಿಗೂ ಸಂದಾಯವಾಯಿತು. ಹಗಲು ಮೀನು ಹಿಡಿದು ಸಂಜೆಗೆ ಮನೆ ಸೇರುವವರು ಇಷ್ಟೆಲ್ಲ ಪಾಡುಪಡಬೇಕಿಲ್ಲ, ಪಂಜವೇ ಸಾಕು. ತೀರಾ ಮೆತ್ತನೆ ಕೆಸರಿನ ಕಡೆಯವರಾದರೆ ಡ್ಯಾನ್‌ಫೋರ್ತ್ ಬಗೆಯದೇ ಮೇಲು, ಅಲ್ಲಿ ನನ್ನದು ಅಷ್ಟು ಸುಖವಿಲ್ಲ.

ಹಳೆಯದನ್ನು ಮಾರಿಲ್ಲ. ಲಾಕರಿನಲ್ಲಿ ಅದರ ಜಾಗ ಅದಕ್ಕೇ ಇದೆ, ದೋಣಿಯ ಹಿಂಬದಿ ಕಟ್ಟಲು ಬೇಕಾಗುತ್ತದೆ. ಪಕ್ಕದಲ್ಲೊಂದು ಬಕೆಟ್ಟು, ಬ್ರಷ್ಷು. ಸೌಟಿನ ಲಂಗರು ಪ್ರತಿ ಬೆಳಗ್ಗೆ ಸೌಟು ತುಂಬ ಕೆಸರು ಬಡಿಸಿಕೊಂಡೇ ಮೇಲೆ ಬರುತ್ತದೆ.