ಫಾರ್ಮ್ ಡೇಟಾಗೆ ರಿಯಾಕ್ಟ್‌ಪಿಎಚ್‌ಪಿ ಸಾಕಾ, ಸ್ವೂಲ್ ಬೇಕಾ?

ಮಲ್ಪೆಯ ಒಂದು ಹೋಂಸ್ಟೇಗೆ ಬುಕಿಂಗ್ ಫಾರ್ಮ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಹೆಸರು, ಫೋನ್ ನಂಬರ್, ತಾರೀಕು, ಜೊತೆಗೆ ಗುರುತಿನ ಚೀಟಿಯ ಫೋಟೋ. ರಿಯಾಕ್ಟ್‌ಪಿಎಚ್‌ಪಿ, ಸ್ವೂಲ್ ಎರಡೂ ಪಿಎಚ್‌ಪಿಯಲ್ಲಿ ಅಸಿಂಕ್ ಸರ್ವರ್ (ಒಂದು ಕೆಲಸ ಮುಗಿಯಲಿ ಅಂತ ಕಾಯದೆ ಇನ್ನೊಂದನ್ನು ನೋಡಿಕೊಳ್ಳುವ ಸರ್ವರ್) ಮಾಡಲು ಇರುವ ಸಾಧನಗಳು. ಇಂಥ ಸರ್ವರ್‌ನಲ್ಲಿ ಒಂದೇ ಪ್ರೊಸೆಸ್ ಹಲವರ ರಿಕ್ವೆಸ್ಟ್ ನೋಡಿಕೊಳ್ಳುತ್ತದೆ. ಹಾಗಾಗಿ ನಮಗೆ ರೂಢಿಯಾದ ಪೋಸ್ಟ್ ಸೂಪರ್‌ಗ್ಲೋಬಲ್ (ಫಾರ್ಮ್ ಡೇಟಾ ತಾನಾಗೇ ಬಂದು ಕೂರುವ $_POST) ಇಲ್ಲಿ ಖಾಲಿ. ಡೇಟಾ ಬರುವುದು ರಿಕ್ವೆಸ್ಟ್ ಆಬ್ಜೆಕ್ಟ್‌ನಲ್ಲೇ.

ರಿಯಾಕ್ಟ್‌ಪಿಎಚ್‌ಪಿಯಲ್ಲಿ ಗೆಟ್‌ಪಾರ್ಸ್ಡ್‌ಬಾಡಿ ಕರೆದರೆ ಫೀಲ್ಡ್‌ಗಳು ಅರೇ ಆಗಿ ಸಿಗುತ್ತವೆ. ಪಿಎಚ್‌ಪಿ ಪ್ಯಾಕೇಜ್ ತರುವ ಕಂಪೋಸರ್‌ನಲ್ಲಿ ಹಾಕಿಕೊಂಡರೆ ಆಯ್ತು, ಪಿಎಚ್‌ಪಿಗೇ ಜೋಡಿಸುವ ಎಕ್ಸ್‌ಟೆನ್ಶನ್ ಬೇಡ. ಆದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ರಿಕ್ವೆಸ್ಟ್ ಬಾಡಿ, ಅಂದರೆ ಕಳಿಸಿದ ಡೇಟಾ, 64 ಕೆಬಿ ಮಿತಿಯೊಳಗೇ ಇರಬೇಕು. ದಾಟಿದರೆ ಎರರ್ ಬರುವುದಿಲ್ಲ, ಬಾಡಿಯನ್ನು ಸುಮ್ನೆ ಬಿಸಾಡುತ್ತದೆ. ಮೊಬೈಲ್ ಫೋಟೋ ಇದಕ್ಕಿಂತ ಜಾಸ್ತಿಯೇ ಇರುತ್ತದಲ್ವಾ? ಆಗ ಫೋಟೋ ಜೊತೆ ಹೆಸರು, ನಂಬರೂ ಮಾಯ! ಇದಕ್ಕೆ ಪರಿಹಾರ ಮಿಡಲ್‌ವೇರ್, ಅಂದರೆ ರಿಕ್ವೆಸ್ಟ್ ನಿಮ್ಮ ಕೋಡ್ ತಲುಪುವ ಮೊದಲು ದಾಟುವ ಹಂತಗಳು: ಮೊದಲು ಸ್ಟ್ರೀಮಿಂಗ್ ಮಿಡಲ್‌ವೇರ್, ಆಮೇಲೆ ಡೇಟಾ ಕೂಡಿಡುವ ದೊಡ್ಡ ಮಿತಿಯ ಬಫರ್, ಕೊನೆಗೆ ಅದನ್ನು ಫೀಲ್ಡ್‌ಗಳಾಗಿ ಬಿಡಿಸುವ ಪಾರ್ಸರ್. ಇದೇ ಕ್ರಮದಲ್ಲಿ ಹಾಕಬೇಕು. ಫೈಲ್ ಪೂರ್ತಿ ಮೆಮೊರಿಯಲ್ಲೇ ಕೂರುತ್ತದೆ, ಅದಕ್ಕೇ ಏಕಕಾಲದ ರಿಕ್ವೆಸ್ಟ್‌ಗಳಿಗೂ ಮಿತಿ ಇಡಿ.

ಸ್ವೂಲ್‌ಗೆ ಎಕ್ಸ್‌ಟೆನ್ಶನ್ ಹಾಕಲೇಬೇಕು, ಸರ್ವರ್ ನಿಮ್ಮ ಕೈಯಲ್ಲಿರಬೇಕು. ಫೀಲ್ಡ್‌ಗಳು ರಿಕ್ವೆಸ್ಟ್‌ನ ಪೋಸ್ಟ್‌ನಲ್ಲಿ, ಫೋಟೋ ಫೈಲ್ಸ್‌ನಲ್ಲಿ. ಫೈಲ್ ಡಿಸ್ಕ್‌ನಲ್ಲಿ ತಾತ್ಕಾಲಿಕವಾಗಿ ಇರುತ್ತದೆ. ರಿಕ್ವೆಸ್ಟ್ ಮುಗಿದ ಕೂಡಲೇ ಅಳಿಸಿಹೋಗುತ್ತದೆ, ಅಷ್ಟರೊಳಗೆ ಬೇರೆ ಕಡೆ ಸಾಗಿಸಿ.

ಮಾಮೂಲಿ ಫಾರ್ಮ್ ರೂಪದ ಬದಲು ಜೇಸನ್ (ಡೇಟಾ ಬರೆಯುವ ಒಂದು ಪಠ್ಯ ರೂಪ) ಕಳಿಸಿದರೆ ಎರಡರಲ್ಲೂ ನೀವೇ ಡಿಕೋಡ್ ಮಾಡಬೇಕು.

ಬರೀ ಹೆಸರು, ತಾರೀಕಿನ ಫಾರ್ಮ್ ಆದರೆ ರಿಯಾಕ್ಟ್‌ಪಿಎಚ್‌ಪಿ ಧಾರಾಳ ಸಾಕು. ಫೋಟೋ ಇದ್ದರೆ, ಸರ್ವರ್ ಸ್ವಂತದ್ದಾದರೆ, ನನ್ನ ಓಟು ಸ್ವೂಲ್‌ಗೆ.