ಹಡಗಿನ ಮೇಲೆ ಬೆಡ್‌ಶೀಟ್: ಒಂದು ಇಡಿಯಂ ಆಪ್ ಜೊತೆ ಮೂರು ತಿಂಗಳು

ಇಂಗ್ಲಿಷ್ ಇಡಿಯಂ ಕಲಿಸುವ ಆಪ್ ಒಂದನ್ನು ಮೂರು ತಿಂಗಳಿಂದ ಬಳಸುತ್ತಿದ್ದೇನೆ. ಹೆಸರು ಬೇಡ, ಬೈಯೋದು ಸ್ವಲ್ಪ ಜಾಸ್ತಿ ಇದೆ. ದಿನಕ್ಕೆ ಐದು ಇಡಿಯಂ, ಒಂದೊಂದಕ್ಕೂ ಒಂದು ಚಿತ್ರ, ಎರಡು ವಾಕ್ಯ, ಕೊನೆಗೆ ಕ್ವಿಜ್. ಚಿತ್ರ ನೋಡಿದ್ದು ಮರೆಯಲ್ಲ ಅನ್ನೋದು ಅವರ ಲೆಕ್ಕ. ಲೆಕ್ಕ ಸರಿ, ಚಿತ್ರವೇ ತಪ್ಪಾದರೆ ಅದೂ ಮರೆಯಲ್ಲ ಅನ್ನೋದನ್ನು ಮಾತ್ರ ಅವರು ಯೋಚಿಸಿಲ್ಲ.

ಮೊದಲ ವಾರವೇ 'ತ್ರೀ ಶೀಟ್ಸ್ ಟು ದ ವಿಂಡ್' ಬಂತು. ಅರ್ಥ, ಚೆನ್ನಾಗಿ ಕುಡಿದು ತೂರಾಡುವುದು. ಚಿತ್ರದಲ್ಲಿ ತಂತಿಯ ಮೇಲೆ ಒಣಹಾಕಿದ ಮೂರು ಬೆಡ್‌ಶೀಟ್, ಕೆಳಗೆ ಬಾಟಲಿ ಹಿಡಿದು ಕೂತ ಒಬ್ಬ. ಬೆಡ್‌ಶೀಟಿಗೂ ಕುಡುಕನಿಗೂ ಏನು ನಂಟು? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಕೊನೆಗೆ ದಪ್ಪ ಡಿಕ್ಷನರಿ ತೆಗೆದು ನೋಡಿದೆ. ಹಾಯಿ ಹಡಗಿನವರ ಮಾತಿನಲ್ಲಿ ಶೀಟ್ ಅಂದರೆ ಬಟ್ಟೆಯೇ ಅಲ್ಲ, ಹಾಯಿಯೂ ಅಲ್ಲ, ಹಾಯಿಯ ಕೆಳಮೂಲೆಯನ್ನು ಎಳೆದು ಹಿಡಿಯುವ ಹಗ್ಗ! ಅದು ಕಳಚಿಕೊಂಡರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ಹಡಗು ಹಿಡಿತ ತಪ್ಪಿ ಓಲಾಡುತ್ತದೆ. ಮೂರು ಹಗ್ಗ ಕಳಚಿದರೆ ಕೇಳಬೇಕಾ? ಕುಡುಕ ತಾನಾಗೇ ಕಣ್ಣ ಮುಂದೆ ನಡೆದು ಬಂದ.

ಅಲ್ಲಿಂದ ನನಗೆ ಹಡಗಿನ ಹುಚ್ಚು ಹಿಡಿಯಿತು. 'ಟೇಕನ್ ಅಬ್ಯಾಕ್' ಅಂದರೆ ಗಾಳಿ ದಿಢೀರ್ ಅಂತ ದಿಕ್ಕು ಬದಲಿಸಿ ಹಾಯಿಯನ್ನು ಹಿಂದಕ್ಕೆ, ಕಂಬಕ್ಕೆ ಒತ್ತಿಬಿಡುವುದು. ಹೋಗುತ್ತಿದ್ದ ಹಡಗು ಗಕ್ಕನೆ ನಿಂತುಬಿಡುತ್ತದೆ. ಸುಮ್ನೆ 'ಆಶ್ಚರ್ಯವಾಗು' ಅಂತ ಆಪ್ ಬರೆದಿದೆ. ಇಲ್ಲಿರೋದು ಬರೀ ಆಶ್ಚರ್ಯ ಅಲ್ಲ, ಬಾಯಿಗೆ ಬಂದ ಮಾತು ಅಲ್ಲೇ ನಿಂತುಹೋಗುವಂಥದ್ದು. 'ಬೈ ಅಂಡ್ ಲಾರ್ಜ್' ಕೂಡ ಹಡಗಿನದೇ. 'ಬೈ' ಅಂದರೆ ಆದಷ್ಟು ಗಾಳಿಗೆ ಎದುರಾಗಿ ಸಾಗುವುದು, 'ಲಾರ್ಜ್' ಅಂದರೆ ಗಾಳಿ ಅನುಕೂಲವಾಗಿ ಹಿಂದಿನಿಂದ ಬೀಸುವುದು. ಎರಡೂ ಸೇರಿದರೆ ಎಲ್ಲಾ ತರದ ಗಾಳಿಯೂ ಲೆಕ್ಕಕ್ಕೆ ಬಂತು, ಅದೇ 'ಒಟ್ಟಾರೆ'. ಆಪ್‌ನಲ್ಲಿ ಇದಕ್ಕೆ ಹೆಬ್ಬೆರಳು ಎತ್ತಿದ ಎಮೋಜಿ ಹಾಕಿದ್ದಾರೆ. ಯಾಕೋ ದೇವರಿಗೇ ಗೊತ್ತು.

ಇನ್ನು 'ಕಿಕ್ ದ ಬಕೆಟ್'. ಅರ್ಥ ಅಂತ 'ಸಾಯು' ಅಷ್ಟೇ ಇದೆ, ಎಚ್ಚರಿಕೆಯ ಒಂದು ಸಾಲೂ ಇಲ್ಲ. ಜೊತೆಗೆ ಕೆಲಸ ಮಾಡುವವರೊಬ್ಬರ ತಂದೆ ತೀರಿಕೊಂಡಾಗ ಸಂತಾಪದ ಮೆಸೇಜಿನಲ್ಲಿ ಅದನ್ನೇ ಟೈಪ್ ಮಾಡಿದ್ದೆ. ಕಳಿಸುವ ಮೊದಲು ಇನ್ನೊಬ್ಬರಿಗೆ ತೋರಿಸಿದೆ, ಬಚಾವ್. 'ಗೊಟಕ್ ಅಂದರಂತೆ, ಕೇಳಿ ಬೇಸರವಾಯಿತು' ಅಂತ ಬರೆದ ಹಾಗಾಗುತ್ತಿತ್ತು. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಪೋಲಿ ಮಾತುಗಳ ನಿಘಂಟು ಮಾಡಿದಾಗ ಇದನ್ನು ಅದರಲ್ಲಿ ಸೇರಿಸಿದ್ದ ಅಂತ ತಿಳಿದಿದ್ದು ಆಮೇಲೆ.

ಮೆಚ್ಚಿದ್ದನ್ನೂ ಹೇಳಬೇಕು. ಕುದುರೆ ರೇಸಿನ ಕಾರ್ಡುಗಳು ನಿಜಕ್ಕೂ ಚೆನ್ನಾಗಿವೆ. 'ವಿನ್ ಹ್ಯಾಂಡ್ಸ್ ಡೌನ್' ಅಂದರೆ ಸಲೀಸಾಗಿ ಗೆಲ್ಲುವುದು. ಅದನ್ನು ಕೇಳಿದಾಗಲೆಲ್ಲ ನನಗೆ 'ಕೈ ಚೆಲ್ಲಿ ಕೂರುವುದು' ನೆನಪಾಗಿ ಸೋತವರ ಮಾತೇ ಇರಬೇಕು ಅನ್ನಿಸುತ್ತಿತ್ತು. ಕನ್ನಡದ ಕೈ ಇಂಗ್ಲಿಷಿನ ಕೈಯನ್ನು ದಾರಿ ತಪ್ಪಿಸಿತ್ತು. ಆಪ್‌ನಲ್ಲಿ ನಾಲ್ಕು ಸೆಕೆಂಡಿನ ಒಂದು ಅನಿಮೇಷನ್ ಇದೆ: ಬೇರೆ ಕುದುರೆಗಳು ಎಲ್ಲೋ ಹಿಂದೆ, ಗೆಲುವು ಖಚಿತ ಅಂತ ಜಾಕಿ ಲಗಾಮು ಸಡಿಲ ಮಾಡಿ ಕೈ ಕೆಳಗಿಳಿಸುತ್ತಾನೆ, ಆದರೂ ಗೆಲ್ಲುತ್ತಾನೆ. ಒಂದೇ ಸಲಕ್ಕೆ ತಲೆಯಲ್ಲಿ ಕೂತುಬಿಟ್ಟಿತು. ಆದರೆ ಅದೇ ಕುದುರೆಯ 'ಫ್ರೀ ರೇನ್' (ಲಗಾಮು ಸಡಿಲ ಬಿಟ್ಟ ಹಾಗೆ ಪೂರ್ತಿ ಸ್ವಾತಂತ್ರ್ಯ) ಕಾರ್ಡಿನಲ್ಲಿ ಲಗಾಮಿನ ರೇನ್ ಬದಲು ರಾಜನ ಆಳ್ವಿಕೆಯ ರೇನ್ ಸ್ಪೆಲ್ಲಿಂಗ್ ಇದೆ. ಇಂಗ್ಲಿಷ್ ಮನೆಮಾತಿನವರೇ ಎಷ್ಟೋ ಜನ ಹೀಗೆ ಬರೆಯುತ್ತಾರೆ. ಕುದುರೆ ಕಣ್ಣಿಂದ ಮರೆಯಾಗಿದೆ, ಸದ್ದು ಮಾತ್ರ ಉಳಿದಿದೆ. ನಾವೇನು ಕಡಿಮೆಯಾ, ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ ಅಂತ ದಿನಾ ಓದುತ್ತೇವೆ, ಚಳ್ಳೆಹಣ್ಣು ಕಂಡವರು ಎಷ್ಟು ಜನ?

ಸಿಟ್ಟು ಬಂದಿದ್ದು ಕಟ್ಟುಕಥೆಗಳ ವಿಷಯದಲ್ಲಿ. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಅಂದರೆ ಧೋ ಅಂತ ಮಳೆ ಸುರಿಯುವುದು. ಅದಕ್ಕೆ ಹುಲ್ಲಿನ ಚಾವಣಿಯ ಮೇಲೆ ಮಲಗಿದ್ದ ನಾಯಿ ಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದವು ಅಂತ ಆಪ್ ಗಂಭೀರವಾಗಿ ಹೇಳುತ್ತದೆ. ನಾಯಿ ಚಾವಣಿ ಹತ್ತಿದ್ದಾದರೂ ಹೇಗೆ ಅಂತ ಯಾರೂ ಕೇಳಲಿಲ್ಲವೇ? 'ಗಲಿವರ್ಸ್ ಟ್ರಾವೆಲ್ಸ್' ಬರೆದ ಜೊನಾಥನ್ ಸ್ವಿಫ್ಟ್ 1738ರಲ್ಲೇ ಈ ಮಾತು ಬಳಸಿದ್ದಾನೆ, ಎಲ್ಲಿಂದ ಹುಟ್ಟಿತು ಅನ್ನೋದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ. ಹಾಗಂತಲೇ ಬರೆಯಬಹುದಿತ್ತು.

ಕ್ವಿಜ್ ಕೂಡ ತಲೆಕೆಳಗು. ಮಾತು ಎಲ್ಲಿಂದ ಬಂದಿರಬಹುದು ಅಂತ ಕಲಿಯುವವರೇ ಮೊದಲು ಊಹಿಸಿ, ಆಮೇಲೆ ಮೂಲ ತಿಳಿದರೆ ಚೆನ್ನಾಗಿ ನೆನಪಿರುತ್ತದೆ ಅಂತ ಫ್ರಾಂಕ್ ಬೂರ್ಸ್ ಎಂಬ ಭಾಷಾ ಸಂಶೋಧಕರು ಕಲಿಯುವವರ ಮೇಲೆಯೇ ಪರೀಕ್ಷಿಸಿ ತೋರಿಸಿದ್ದಾರೆ. ಇಲ್ಲಿ ಊಹಿಸಲು ಬಿಡೋದೇ ಇಲ್ಲ, ಮೊದಲೇ ಅರ್ಥ ಹೇಳಿಬಿಡುತ್ತಾರೆ. ಮೇಲಾಗಿ ಅಕ್ಷರಾನುಕ್ರಮ ಬೇರೆ. ಹಡಗಿನವೆಲ್ಲ ಒಂದು ಕಡೆ, ಕುದುರೆಯವೆಲ್ಲ ಒಂದು ಕಡೆ ಇಟ್ಟಿದ್ದರೆ ಒಂದನ್ನು ಹಿಡಿದು ಇನ್ನೊಂದು ತಾನೇ ಬರುತ್ತಿತ್ತು. ಈಗ ಆ ಕೆಲಸವನ್ನು ನನ್ನ ನೋಟ್‌ಬುಕ್ಕಿನಲ್ಲಿ ನಾನೇ ಮಾಡಿಕೊಳ್ಳುತ್ತಿದ್ದೇನೆ.

ಐದಕ್ಕೆ ಎರಡೂವರೆ ಸ್ಟಾರ್, ಅದರಲ್ಲಿ ಎರಡು ಆ ಜಾಕಿಗೆ. ಬೆಡ್‌ಶೀಟ್ ವಿಷಯ ವಿವರವಾಗಿ ಬರೆದು ಕಳಿಸಿದ್ದೆ. ಎರಡು ವಾರಕ್ಕೆ ಚಿತ್ರ ಬದಲಾಯಿತು. ಈಗ ದೊಡ್ಡ ಹಡಗು ಇದೆ, ಸಮುದ್ರ ಇದೆ. ಹಡಗಿನ ಮೇಲೆ ತಂತಿ ಕಟ್ಟಿ ಅದೇ ಮೂರು ಬೆಡ್‌ಶೀಟ್ ಒಣಹಾಕಿದ್ದಾರೆ.