ವಂಶವೃಕ್ಷದ ವೆಬ್‌ಸೈಟ್‌ಗೆ ದುಡ್ಡು ಕಟ್ಟಬೇಕಾ? ಟೆಕ್ಸಸ್‌ನ ಒಂದು ಫ್ರೆಂಚ್ ಮನೆತನ ಹುಡುಕಿದ ಮೇಲೆ ನನ್ನ ಅಭಿಪ್ರಾಯ

ಐದರಲ್ಲಿ ಮೂರು ಸ್ಟಾರ್. ಅಮೆರಿಕದ ದಾಖಲೆಗಳಿಗೆ ಮಾತ್ರ ಅಂದರೆ ನಾಲ್ಕು ಕೊಡುತ್ತಿದ್ದೆ. ಫ್ರಾನ್ಸಿನ ಭಾಗಕ್ಕೆ ಒಂದೂವರೆಯೇ ಜಾಸ್ತಿ. ಸೈಟ್‌ನ ಹೆಸರು ಹೇಳುವುದಿಲ್ಲ, ಚಂದಾ ತೆಗೆದುಕೊಳ್ಳುವ ದೊಡ್ಡ ಸೈಟ್‌ಗಳಲ್ಲಿ ಒಂದು ಅಂದುಕೊಳ್ಳಿ. ಕೋವಿಡ್‌ಗಿಂತ ಮೊದಲು ಸೇರಿದವಳು ನಾನು. ಮಧ್ಯೆ ಬಿಟ್ಟೆ, ಮತ್ತೆ ಸೇರಿದೆ, ಈಗಲೂ ಆಗಾಗ ಒಂದು ತಿಂಗಳಿಗೆ ಅಂತ ದುಡ್ಡು ಕಟ್ಟುತ್ತೇನೆ.

ನನ್ನ ಗಂಡನ ಕಡೆಯವರು ಕ್ಯಾಸ್ಟ್ರೊವಿಲ್‌ನವರು. ಸ್ಯಾನ್ ಆಂಟೋನಿಯೊದ ನಮ್ಮ ಮನೆಯಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಸಣ್ಣ ಊರು. 1844ರ ಸೆಪ್ಟೆಂಬರ್‌ನಲ್ಲಿ ಹೆನ್ರಿ ಕ್ಯಾಸ್ಟ್ರೊ ಅನ್ನುವ ಫ್ರೆಂಚ್ ವ್ಯಾಪಾರಿ ಈ ಊರು ಕಟ್ಟಿದ. ಅವನು ಕರೆತಂದ ಜನರಲ್ಲಿ ಬಹಳಷ್ಟು ಮಂದಿ ಫ್ರಾನ್ಸಿನ ಜರ್ಮನ್ ಗಡಿಯ ಅಲ್ಸಾಸ್ ಪ್ರಾಂತ್ಯದವರು, ಅದರಲ್ಲೂ ಓ-ರ‍್ಯಾಂ ಜಿಲ್ಲೆಯ ಹಳ್ಳಿಗಳವರು. ನಮ್ಮವರ ಮೂಲಪುರುಷ ಜಾರ್ಜ್ ಬಂದದ್ದೂ ಆ ವರ್ಷವೇ.

ಮನೆಯಲ್ಲಿ ಅವನ ಬಗ್ಗೆ ಜಗಳ ಮುಗಿಯುವುದಿಲ್ಲ. ನಮ್ಮತ್ತೆ "ನಾವು ಜರ್ಮನ್ನರು" ಅನ್ನುತ್ತಾರೆ. ಚಿಕ್ಕಮಾವ "ಫ್ರೆಂಚರು" ಅನ್ನುತ್ತಾರೆ. ಇಬ್ಬರೂ ಒಪ್ಪುವ ಮಾತು ಒಂದೇ: ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲಿಸ್ ಐಲ್ಯಾಂಡ್‌ನಲ್ಲಿ ಯಾರೋ ಅಧಿಕಾರಿ ನಮ್ಮ ಮನೆಹೆಸರು ಬದಲಾಯಿಸಿದ ಅಂತ. ಪೂರ್ತಿ ಸುಳ್ಳಾದದ್ದು ಅದೊಂದೇ. ಎಲಿಸ್ ಐಲ್ಯಾಂಡ್ ತೆರೆದದ್ದು 1892ರಲ್ಲಿ. ಜಾರ್ಜ್ ಇಳಿದದ್ದು ಗಾಲ್ವೆಸ್ಟನ್ ಬಂದರಿನಲ್ಲಿ, ಅದಕ್ಕೂ ಸುಮಾರು ಐವತ್ತು ವರ್ಷ ಮೊದಲು. ಆಗ ಟೆಕ್ಸಸ್ ಬೇರೆ ದೇಶ, ಅಮೆರಿಕಕ್ಕೆ ಸೇರಿದ್ದು 1845ರ ಡಿಸೆಂಬರ್‌ನಲ್ಲಿ. ಹಾಗಾಗಿ ಅಮೆರಿಕದ ಹಡಗುಪಟ್ಟಿಗಳಲ್ಲಿ ಅವನ ಹೆಸರು ಇರಲು ಸಾಧ್ಯವಿಲ್ಲ. ಸೈಟ್‌ಗೆ ಇದು ಅರ್ಥವಾಗುವುದಿಲ್ಲ. ನ್ಯೂಯಾರ್ಕ್‌ಗೆ ಬಂದ ಅದೇ ಹೆಸರಿನ ಯಾರ‍್ಯಾರನ್ನೋ ಇಂದಿಗೂ "ಇವರು ನಿಮ್ಮವರಿರಬಹುದು" ಅಂತ ಕಳಿಸುತ್ತಲೇ ಇದೆ.

ಸೈಟ್ ಚೆನ್ನಾಗಿ ಮಾಡುವ ಕೆಲಸ ಜನಗಣತಿ. ಮನೆಯ ಯಜಮಾನನ ಹೆಸರಷ್ಟೇ ಅಲ್ಲದೆ ಸ್ವತಂತ್ರರಾದ ಎಲ್ಲರ ಹೆಸರೂ ಬರೆದ ಮೊದಲ ಅಮೆರಿಕನ್ ಗಣತಿ 1850ರದ್ದು. ಅಲ್ಲಿಂದ 1880ರವರೆಗೆ ನಾಲ್ಕೂ ಗಣತಿಯಲ್ಲಿ ಜಾರ್ಜ್ ಒಂದೇ ಸಂಜೆಯಲ್ಲಿ ಸಿಕ್ಕ. ಮೂಲ ಹಾಳೆಯ ಚಿತ್ರವೂ ಚೆನ್ನಾಗಿದೆ, ದೊಡ್ಡದು ಮಾಡಿ ಓದಬಹುದು. 1890ರದ್ದು ಇಲ್ಲ. ಅದು 1921ರ ಬೆಂಕಿಯಿಂದ ಹೆಚ್ಚುಕಡಿಮೆ ಪೂರ್ತಿ ಹಾಳಾಯಿತು, ಅದಕ್ಕೆ ಸೈಟ್‌ನವರನ್ನು ಬೈಯುವ ಹಾಗಿಲ್ಲ.

ಸಿಕ್ಕ ಮೇಲೆ ಶುರುವಾಯಿತು ತಲೆನೋವು. 1850ರಲ್ಲಿ ವಯಸ್ಸು 29. 1860ರಲ್ಲಿ 37. 1870ರಲ್ಲಿ 50. 1880ರಲ್ಲಿ 63. ಸಮಾಧಿಕಲ್ಲಿನ ಮೇಲೆ ಹುಟ್ಟಿದ ವರ್ಷ 1816. ಹುಟ್ಟಿದ ದೇಶ ಮೊದಲ ಮೂರು ಗಣತಿಯಲ್ಲಿ ಫ್ರಾನ್ಸ್, ನಾಲ್ಕನೆಯದರಲ್ಲಿ ಜರ್ಮನಿ! ದೇಶದ ಗಂಟು ಬಿಡಿಸುವುದು ಸುಲಭ. 1871ರ ಫ್ರಾಂಕ್‌ಫರ್ಟ್ ಒಪ್ಪಂದದಲ್ಲಿ ಅಲ್ಸಾಸ್ ಜರ್ಮನಿಯ ಪಾಲಾಯಿತು, ಫ್ರಾನ್ಸಿಗೆ ವಾಪಸ್ ಬಂದದ್ದು ಮೊದಲ ಮಹಾಯುದ್ಧದ ನಂತರ. ಗಣತಿಯವನು ಆ ವರ್ಷದ ನಕ್ಷೆ ನೋಡಿ ಬರೆದಿದ್ದಾನೆ. ಅಂದರೆ ಅತ್ತೆ ಹತ್ತಿರವೂ ಸರ್ಕಾರಿ ಕಾಗದ ಇದೆ, ಚಿಕ್ಕಮಾವನ ಹತ್ತಿರವೂ ಇದೆ. ಸೈಟ್ ಮಾತ್ರ ಒಂದು ಸಾಲಿನ ವಿವರಣೆಯನ್ನೂ ಕೊಡದೆ ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತದೆ.

ವಯಸ್ಸಿನ ವಿಷಯ ಅಷ್ಟು ಸುಲಭವಿರಲಿಲ್ಲ. ಗಣತಿಯವನಿಗೆ ಬಾಗಿಲು ತೆಗೆದವರು ಹೆಂಡತಿಯೋ, ಮಗನೋ, ಪಕ್ಕದ ಮನೆಯವರೋ ನಮಗೆ ತಿಳಿಯದು. ಉತ್ತರ ಕೊಟ್ಟವರು ಯಾರು ಅಂತ ಗುರುತು ಹಾಕಿದ್ದು 1940ರ ಗಣತಿಯಲ್ಲಿ. ಇಂಥ ಕಡೆ ಸೈಟ್‌ನ "ಇತರ ಸದಸ್ಯರ ವೃಕ್ಷಗಳು" ಅನ್ನುವ ಸೌಲಭ್ಯ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ ಮಾಡುತ್ತದೆ. ಹತ್ತಾರು ಜನರ ವೃಕ್ಷದಲ್ಲಿ ನಮ್ಮ ಜಾರ್ಜ್ 1816ರಲ್ಲಿ ಹುಟ್ಟಿದ್ದಾನೆ, ತಂದೆತಾಯಿಯ ಹೆಸರೂ ಇದೆ. ಆಧಾರ ಏನು ಅಂತ ಒತ್ತಿ ನೋಡಿದರೆ ಇನ್ನೊಬ್ಬರ ವೃಕ್ಷ. ಅಲ್ಲಿ ಒತ್ತಿದರೆ ಮತ್ತೊಬ್ಬರದ್ದು. ಕೊನೆಗೆ ಸಿಕ್ಕಿದ್ದು ಸಮಾಧಿಕಲ್ಲಿನ ಒಂದು ಫೋಟೊ. ಆ ಕಲ್ಲನ್ನು ನಾನು ಹೋಗಿ ನೋಡಿದ್ದೇನೆ. ಮಗ, ಸೊಸೆಯ ಹೆಸರುಗಳೂ ಅದರಲ್ಲೇ ಇವೆ, ಎಲ್ಲ ಒಂದೇ ಕೈಯ ಅಕ್ಷರ. ಮೊಮ್ಮಕ್ಕಳು ಹಾಕಿಸಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ.

ಫ್ರಾನ್ಸಿನ ದಾಖಲೆ ನೋಡಲು ಸೈಟ್ "ವಿಶ್ವ ಪ್ಯಾಕೇಜ್" ತೆಗೆದುಕೊಳ್ಳಿ ಅನ್ನುತ್ತದೆ. ದಯವಿಟ್ಟು ಬೇಡ. ಓ-ರ‍್ಯಾಂ ಜಿಲ್ಲೆಯ ಹುಟ್ಟು, ಮದುವೆ, ಸಾವಿನ ಪುಸ್ತಕಗಳನ್ನು ಅಲ್ಲಿನ ಸರ್ಕಾರಿ ದಾಖಲೆ ಸಂಗ್ರಹದವರೇ ಬಿಟ್ಟಿಯಾಗಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. 1792ರಿಂದ ಫ್ರಾನ್ಸಿನಲ್ಲಿ ಇವನ್ನು ಬರೆಯುವುದು ಚರ್ಚಿನ ಕೆಲಸವಲ್ಲ, ಊರಿನ ಮೇಯರ್ ಕಚೇರಿಯ ಕೆಲಸ. 'ತಾಬ್ಲ್ ದೆಸೆನಾಲ್' ಅಂತ ಪ್ರತಿ ಹತ್ತು ವರ್ಷಕ್ಕೊಂದು ಸೂಚಿ ಇರುತ್ತದೆ. ಮೊದಲು ಅದನ್ನು ತೆಗೆಯಿರಿ. ಫ್ರೆಂಚ್ ಬರಬೇಕಾಗಿಲ್ಲ. ಬರಹದ ಸಾಲುಗಳು ಪ್ರತಿ ಪುಟದಲ್ಲೂ ಒಂದೇ ಥರ, ಹೆಸರು ಮತ್ತು ದಿನಾಂಕ ಎಲ್ಲಿ ಬರುತ್ತದೆ ಅಂತ ಬೇಗ ಕಣ್ಣಿಗೆ ರೂಢಿಯಾಗುತ್ತದೆ. ಶಿಕಾರಿಪುರದ ನಮ್ಮಪ್ಪ ಪಹಣಿ ಓದುತ್ತಿದ್ದ ಹಾಗೆ: ಯಾವ ಕಾಲಂನಲ್ಲಿ ಏನಿರುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿಯಿತು.

ನಮ್ಮವರ ಮೂಲ ಹಳ್ಳಿಯ ಸೂಚಿಯಲ್ಲಿ ಅದೇ ಹೆಸರು, ಅದೇ ಮನೆಹೆಸರಿನ ಜಾರ್ಜ್‌ಗಳು ಇಬ್ಬರು. ಅಣ್ಣತಮ್ಮಂದಿರ ಮಕ್ಕಳು. ಒಬ್ಬ 1816ರವನು, ಇನ್ನೊಬ್ಬ 1821ರವನು. 1816ರವನು ಅದೇ ಹಳ್ಳಿಯಲ್ಲಿ ಮದುವೆಯಾಗಿ, ಅಲ್ಲೇ ಮುದುಕನಾಗಿ ಸತ್ತಿದ್ದಾನೆ. ಸಾವಿನ ಬರಹದಲ್ಲಿ ತಂದೆತಾಯಿಯ ಹೆಸರೂ ಹೆಂಡತಿಯ ತವರಿನ ಹೆಸರೂ ಇದೆ. ಅವನು ಟೆಕ್ಸಸ್ ಕಡೆ ತಲೆ ಹಾಕಿಯೂ ಮಲಗಿದವನಲ್ಲ. 1821ರವನ ಮದುವೆಯೂ ಇಲ್ಲ, ಸಾವೂ ಇಲ್ಲ.

ಇದು ಸುಳಿವು ಮಾತ್ರ. ಸಾಕ್ಷಿ ಸಿಕ್ಕಿದ್ದು ಟೆಕ್ಸಸ್‌ನಲ್ಲೇ, ಅದೂ ಸೈಟ್‌ನ ಹೊರಗೆ. ಕ್ಯಾಸ್ಟ್ರೊ ಜೊತೆ ಬಂದವರಲ್ಲಿ ಸಂಸಾರಸ್ಥನಿಗೆ 640 ಎಕರೆ, ಮದುವೆಯಾಗದವನಿಗೆ 320 ಎಕರೆ ಅಂತ ಲೆಕ್ಕ. ಜಮೀನಿನ ಆ ಕಾಗದಗಳು ಆಸ್ಟಿನ್‌ನ ಜನರಲ್ ಲ್ಯಾಂಡ್ ಆಫೀಸ್‌ನಲ್ಲಿವೆ. ನಮ್ಮ ಜಾರ್ಜ್ ಹೆಸರಿಗೆ 320. ಬರುವಾಗ ಒಂಟಿ! ಹೆಂಡತಿ ಜೊತೆ ಬಂದ ಅಂತ ಬರೆದ ವೃಕ್ಷಗಳೆಲ್ಲ ಅಲ್ಲಿಗೆ ಬಿದ್ದವು. ಆಮೇಲೆ ಇಲ್ಲಿನ ಚರ್ಚಿನ ಪುಸ್ತಕದಲ್ಲಿ ಅವನ ಮದುವೆ ಸಿಕ್ಕಿತು. ಪಾದ್ರಿ ಪುಣ್ಯಾತ್ಮ, ತಂದೆತಾಯಿ ಇಬ್ಬರ ಹೆಸರನ್ನೂ ಬರೆದಿದ್ದಾನೆ. 1821ರವನ ತಂದೆತಾಯಿಯೇ.

ಆ ತಂದೆಯ ಹುಟ್ಟು ಹುಡುಕುವಾಗ ಸೈಟ್ ಇನ್ನೊಮ್ಮೆ ಕೈಕೊಟ್ಟಿತು. ಕ್ರಾಂತಿಯ ಕಾಲದಲ್ಲಿ, 1793ರಿಂದ 1805ರ ಕೊನೆಯವರೆಗೆ, ಫ್ರಾನ್ಸಿನ ದಾಖಲೆಗಳಲ್ಲಿ ಬೇರೆಯೇ ಪಂಚಾಂಗ ಇತ್ತು. ಅವನು ಹುಟ್ಟಿದ್ದು "4ನೇ ವರ್ಷದ ಫ್ಲೊರೆಯಾಲ್" ತಿಂಗಳಲ್ಲಿ, ಅಂದರೆ 1796ರ ಏಪ್ರಿಲ್-ಮೇ. ಸೈಟ್‌ನ ಸೂಚಿಯಲ್ಲಿ ವರ್ಷದ ಜಾಗ ಖಾಲಿ. 1796 ಅಂತ ಹುಡುಕಿದರೆ ಅವನು ಸಿಗುವುದೇ ಇಲ್ಲ. ಈ ದಿನಾಂಕಗಳನ್ನು ಬದಲಾಯಿಸುವ ಕೋಷ್ಟಕಗಳು ಬಿಟ್ಟಿಯಾಗಿ ಸಿಗುತ್ತವೆ. ಇಷ್ಟು ಚಂದಾ ವಸೂಲಿ ಮಾಡುವವರು ಅದನ್ನು ಅಳವಡಿಸಬಾರದಾ?

ಡಿಎನ್‌ಎ ಕಿಟ್ ಬಗ್ಗೆ ಕೇಳುವವರಿಗೆ: ಯಜಮಾನರು ಎಂಜಲು ಕೊಟ್ಟಿದ್ದಾರೆ, ನೆಂಟರು ರಾಶಿ ರಾಶಿ ಸಿಕ್ಕಿದ್ದಾರೆ, ಬಹುತೇಕ ಎಲ್ಲರೂ ಟೆಕ್ಸಸ್‌ನವರೇ. ವಂಶ ಹುಡುಕಲು ಮನೆಯಲ್ಲೇ ಹೀಗೆ ಪರೀಕ್ಷೆ ಮಾಡಿಸುವುದು ಫ್ರಾನ್ಸಿನಲ್ಲಿ ಕಾನೂನುಬಾಹಿರ, 3,750 ಯೂರೊವರೆಗೆ ದಂಡ. ಹಾಗಾಗಿ ಅಲ್ಲಿನ ನೆಂಟರು ಪಟ್ಟಿಯಲ್ಲಿ ಸಿಗುವುದೇ ಅಪರೂಪ. ಮೇಲಾಗಿ ಕ್ಯಾಸ್ಟ್ರೊವಿಲ್‌ನ ಮನೆತನಗಳು ತಲೆಮಾರುಗಟ್ಟಲೆ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದಿವೆ. ದೂರದವರೂ ಹತ್ತಿರದ ನೆಂಟರ ಹಾಗೆ ಕಾಣುತ್ತಾರೆ. ನಮ್ಮ ಕಡೆ ಸೋದರಮಾವನ ಮಗಳನ್ನು ತಂದುಕೊಂಡ ಮನೆಗಳಲ್ಲಿ ಈ ಪರೀಕ್ಷೆ ಮಾಡಿಸಿದರೂ ಹೀಗೇ ಆಗುತ್ತದೆ, ಎಚ್ಚರ.

ದುಡ್ಡಿನ ಮಾತು. ವರ್ಷದ ಚಂದಾ ಬೇಡ, ತಾನಾಗಿಯೇ ನವೀಕರಣವಾಗಿ ಕಾರ್ಡ್‌ನಿಂದ ಹಣ ಹೋಗುತ್ತದೆ. ಹುಡುಕಬೇಕಾದ ಪಟ್ಟಿ ಮೊದಲೇ ಬರೆದಿಟ್ಟುಕೊಂಡು ಒಂದು ತಿಂಗಳು ತೆಗೆದುಕೊಳ್ಳಿ. ಅಮೆರಿಕದ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇಂಥ ಸೈಟ್‌ಗಳನ್ನು ಬಿಟ್ಟಿಯಾಗಿ ನೋಡಬಹುದು, ಮೊದಲು ಅಲ್ಲಿ ಕೇಳಿ. ಫ್ಯಾಮಿಲಿಸರ್ಚ್ ಅನ್ನುವ ಇನ್ನೊಂದು ವಂಶವೃಕ್ಷದ ಸೈಟ್ ಅಂತೂ ಪೂರ್ತಿ ಉಚಿತ, ಗಣತಿಯ ಮಟ್ಟಿಗೆ ಬಹಳ ಜನಕ್ಕೆ ಅದೇ ಸಾಕು. ಚಂದಾ ನಿಲ್ಲಿಸುವ ಮೊದಲು ಮೂಲ ಹಾಳೆಗಳ ಚಿತ್ರಗಳನ್ನೆಲ್ಲ ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ನಿಲ್ಲಿಸಿದ ಮೇಲೂ ನೀವು ಕಟ್ಟಿದ ವೃಕ್ಷ ಕಾಣುತ್ತದೆ, ಹೊಸ ಸುಳಿವಿನ ಇಮೇಲ್‌ಗಳೂ ಬರುತ್ತವೆ, ಆದರೆ ಆ ಹಾಳೆಗಳಿಗೆ ಬೀಗ ಬಿದ್ದಿರುತ್ತದೆ.